ಕುಟುಂಬ ಆರೋಗ್ಯ ಕೇಂದ್ರದ ಸ್ತನ ಕ್ಯಾನ್ಸರ್ ತಪಾಸಣೆ: ಹೋಗಿ ಮಾಡಿಸಿ, ಆದರೆ ಅಲ್ಲಿಗೇ ಬಿಡಬೇಡಿ

ಸ್ಟಾರ್ ಲೆಕ್ಕದಲ್ಲಿ ಹೇಳುವುದಾದರೆ ತಪಾಸಣೆಗೆ ಐದರಲ್ಲಿ ನಾಲ್ಕೂವರೆ. ತಪಾಸಣೆಯಲ್ಲಿ ಏನಾದರೂ ಸಿಕ್ಕಿದ ಮೇಲೆ ಮುಂದಿನ ಆಸ್ಪತ್ರೆಗೆ ದಾಟಿಸುವ ವ್ಯವಸ್ಥೆಗೆ ಎರಡು. ಎರಡನ್ನೂ ಸೇರಿಸಿ ಸರಾಸರಿ ಹಾಕುವುದಿಲ್ಲ. ಮೊದಲನೆಯದು ಗೊತ್ತಾದರೆ ನೀವು ಹೋಗುತ್ತೀರಿ, ಎರಡನೆಯದು ಗೊತ್ತಾದರೆ ಹುಷಾರಾಗಿರುತ್ತೀರಿ. ಎರಡೂ ಬೇಕು.

ಇದು ಕಾಸರಗೋಡು ಜಿಲ್ಲೆಯ ಒಂದು ಕುಟುಂಬ ಆರೋಗ್ಯ ಕೇಂದ್ರದ ಬಗ್ಗೆ. ಕುಂಬಳೆಯಿಂದ ಬದಿಯಡ್ಕದ ಕಡೆಗೆ ಹೋಗುವ ಸೀಮೆ ಅಂದುಕೊಳ್ಳಿ. ಪಂಚಾಯತಿನ ಹೆಸರು ಬರೆದರೆ ಅಲ್ಲಿನ ನರ್ಸ್ ಯಾರು, ನಮ್ಮ ಮನೆ ಯಾವುದು ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಹಾಗಾಗಿ ಬರೆಯುವುದಿಲ್ಲ. ಹೋಗಿದ್ದು ನನ್ನ ಅತ್ತಿಗೆಯ ಜೊತೆ. ಅವರನ್ನು ಕೇಳಿಯೇ ಇಷ್ಟನ್ನೂ ಬರೆಯುತ್ತಿದ್ದೇನೆ.

ಕೇರಳ ಸರ್ಕಾರ 2025ರ ಫೆಬ್ರವರಿ 4ರಂದು, ವಿಶ್ವ ಕ್ಯಾನ್ಸರ್ ದಿನಕ್ಕೆ, ‘ಆರೋಗ್ಯಂ ಆನಂದಂ, ಅಕಟ್ಟಾಂ ಅರ್ಬುದಂ’ (ಆರೋಗ್ಯವೇ ಆನಂದ, ಕ್ಯಾನ್ಸರ್ ಓಡಿಸೋಣ) ಎಂಬ ಅಭಿಯಾನ ಶುರು ಮಾಡಿತು. ಮೊದಲ ಹಂತ ಮಾರ್ಚ್ 8ರ ಮಹಿಳಾ ದಿನದವರೆಗೆ, ಹೆಂಗಸರಿಗಾಗಿಯೇ. ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್‌ಗೆ ಜಾಸ್ತಿ ಒತ್ತು. ಅಭಿಯಾನದ ಬ್ಯಾನರ್ ಇಲ್ಲದ ದಿನಗಳಲ್ಲೂ ಈ ತಪಾಸಣೆ ಇರಬೇಕಾದದ್ದೇ. 30ರಿಂದ 65 ವರ್ಷದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಸ್ತನ ಪರೀಕ್ಷೆ ಮಾಡಬೇಕು ಎಂದು ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ನಮ್ಮಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ‘ಶೈಲಿ’ ಆ್ಯಪ್‌ನಲ್ಲಿ ಬಿಪಿ, ಶುಗರ್, ಕ್ಷಯ, ಕ್ಯಾನ್ಸರ್ ಎಲ್ಲದರ ಪ್ರಶ್ನೆ ಕೇಳಿ ತುಂಬಿಸಿಕೊಂಡು ಹೋಗುತ್ತಾರೆ.

ಎದೆಯಲ್ಲಿ ಗಂಟು ಇದೆಯಾ ಎಂದು ಅಂಗಳದಲ್ಲಿ ಗಂಡಸರ ಎದುರು ಕೇಳಿದರೆ ಯಾವ ಹೆಂಗಸು ಹೌದು ಅನ್ನುತ್ತಾಳೆ ಹೇಳಿ? ನಮ್ಮ ಆಶಾ ಅಕ್ಕನಿಗೆ ಅದು ಗೊತ್ತು. ಅವರು ಹಿಂಬಾಗಿಲಿಗೆ ಬಂದು, ಅಡಿಕೆ ಸುಲಿಯುತ್ತಿದ್ದ ಅತ್ತಿಗೆಯನ್ನು ಬೇರೆ ಕರೆದು ಕೇಳಿದರು. ಅತ್ತಿಗೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಒಂದು ಗಂಟು ಉಂಟು, ನೋವಿಲ್ಲ, ಹಾಗೇ ಬಿಟ್ಟಿದ್ದೇನೆ” ಅಂದರು. “ನೋವಿಲ್ಲ ಅಂತ ಬಿಡುವುದಲ್ಲ ಅಕ್ಕಾ, ನಾಡಿದ್ದು ಸೆಂಟರಿಗೆ ಬನ್ನಿ, ಲೇಡಿ ಡಾಕ್ಟರೇ ನೋಡುವುದು” ಅಂದರು ಅವರು. ಈ ನಾಲ್ಕೂವರೆ ಸ್ಟಾರ್‌ನಲ್ಲಿ ದೊಡ್ಡ ಪಾಲು ಆ ಆಶಾ ಅಕ್ಕನದು.

ಇನ್ನು ಕ್ಲಿನಿಕ್. ಓಪಿ (ಹೊರರೋಗಿ) ಚೀಟಿ ಮಾಡಿಸಿದ ಮೇಲೆ ಬೇರೆಯೇ ಕೋಣೆ, ಬಾಗಿಲಿಗೆ ಚಿಲಕ, ಒಳಗೆ ಪರದೆ. ಇದು ಚಿಕ್ಕ ವಿಷಯ ಅಲ್ಲ. ಹೆಂಗಸರು ತಪಾಸಣೆಗೆ ಬಾರದಿರುವುದಕ್ಕೆ ಅರ್ಧ ಕಾರಣ ಯಾರಾದರೂ ನೋಡಿಬಿಡುತ್ತಾರೆ ಎಂಬ ಭಯ. ನರ್ಸ್ ಕನ್ನಡದಲ್ಲೂ ತುಳುವಿನಲ್ಲೂ ಮಾತಾಡಿದರು. ಡಾಕ್ಟರು ಮಲಯಾಳ ಮಾತಾಡುವವರು. ಅವರು ಹೇಳಿದ್ದನ್ನು ನರ್ಸ್ ಒಂದೂ ಬಿಡದೆ ಅತ್ತಿಗೆಗೆ ದಾಟಿಸಿದರು.

ಪರೀಕ್ಷೆಯನ್ನು ಅವಸರದಲ್ಲಿ ಮುಗಿಸಲಿಲ್ಲ. ಮೊದಲು ಕೂರಿಸಿ ನೋಡಿದರು. ಕೈಯನ್ನು ಸೊಂಟಕ್ಕೆ ಒತ್ತಿ ಹಿಡಿಯಿರಿ ಅಂದರು, ಆಮೇಲೆ ಮೇಲೆತ್ತಿ ಅಂದರು. ಹಾಗೆ ಮಾಡಿದಾಗ ಚರ್ಮ ಎಲ್ಲಾದರೂ ಒಳಕ್ಕೆ ಎಳೆದು ಗುಳಿ ಬೀಳುತ್ತದೆಯಾ, ತೊಟ್ಟು ಒಂದು ಕಡೆಗೆ ಜಗ್ಗಿದೆಯಾ ಎಂದು ಕಾಣುತ್ತದೆ. ಆಮೇಲೆ ಮಲಗಿಸಿ ಮೂರು ಬೆರಳಿನ ಮೆತ್ತನೆಯ ಭಾಗದಿಂದ ಒತ್ತಿ ಒತ್ತಿ ನೋಡಿದರು. ಎರಡೂ ಕಡೆ. ಕೊನೆಗೆ ಎರಡೂ ಕಂಕುಳು, ಕೊರಳೆಲುಬಿನ ಮೇಲೆ. ಕಂಕುಳು ಮುಟ್ಟದೆ ಪರೀಕ್ಷೆ ಮುಗಿಸಿದರೆ ಅದು ಪೂರ್ತಿ ಪರೀಕ್ಷೆ ಅಲ್ಲ. ನೀವು ಹೋದಾಗ ಯಾರಾದರೂ ಅದನ್ನು ಬಿಟ್ಟರೆ ಧೈರ್ಯವಾಗಿ ಕೇಳಿ.

ಬರೀ ಕೈಯಿಂದ ಮುಟ್ಟಿ ನೋಡಿದರೆ ಏನು ಪ್ರಯೋಜನ, ಮಿಷನ್ ಬೇಡವಾ ಎಂದು ಕೇಳುವವರಿದ್ದಾರೆ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಇದನ್ನೇ 1998ರಿಂದ ಸುಮಾರು ಒಂದೂವರೆ ಲಕ್ಷ ಹೆಂಗಸರಲ್ಲಿ ಪರೀಕ್ಷಿಸಿದರು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ನೋಡುವುದು, ಅಷ್ಟೇ. ಇಪ್ಪತ್ತು ವರ್ಷದ ಲೆಕ್ಕ 2021ರಲ್ಲಿ ಹೊರಬಂತು. ಹೀಗೆ ನೋಡಿದವರಲ್ಲಿ ರೋಗ ಮುಂಚಿನ ಹಂತದಲ್ಲೇ ಸಿಕ್ಕಿತ್ತು. 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್‌ನಿಂದ ಸಾಯುವವರು ಸುಮಾರು ಶೇಕಡಾ 30ರಷ್ಟು ಕಡಿಮೆಯಾದರು. 50ಕ್ಕಿಂತ ಕಡಿಮೆ ವಯಸ್ಸಿನವರಲ್ಲಿ ಸಾವಿನ ಲೆಕ್ಕದಲ್ಲಿ ಅಂಥ ಇಳಿಕೆ ಕಾಣಲಿಲ್ಲ ಎಂಬುದನ್ನೂ ಸೇರಿಸಿ ಹೇಳಬೇಕು, ಬರೀ ಒಳ್ಳೆಯದನ್ನೇ ಹೇಳಿದರೆ ಸರಿಯಾಗುವುದಿಲ್ಲ. ಆದರೂ ನಮ್ಮ ಅಮ್ಮಂದಿರು, ಅತ್ತಿಗೆಯರು, ದೊಡ್ಡಮ್ಮಂದಿರ ವಯಸ್ಸಿಗೆ ಇದು ಬಹಳ ದೊಡ್ಡ ಮಾತು. ಮಿಷನ್ ಇಲ್ಲದ ಊರಲ್ಲೂ ಮಾಡಬಹುದಾದ ಕೆಲಸ ಅಲ್ವಾ?

ಕಂಕುಳಿನ ಮಾತಿಗೆ ಮತ್ತೆ ಬರುತ್ತೇನೆ. ಈ ರೋಗ ಹರಡುವ ಮೊದಲ ದಾರಿ ಸಾಮಾನ್ಯವಾಗಿ ಅದೇ. ಸ್ತನದ ಗಡ್ಡೆಯಿಂದ ಬಿಟ್ಟುಬಂದ ಜೀವಕೋಶಗಳು ಕಂಕುಳಿನ ದುಗ್ಧರಸ ಗ್ರಂಥಿಗಳಲ್ಲಿ (ಲಿಂಫ್ ನೋಡ್) ಬಂದು ಕೂರುತ್ತವೆ. ರಕ್ತದ ದಾರಿಯಲ್ಲಿ ಹೋದವು ಹೆಚ್ಚಾಗಿ ಮೂಳೆ, ಶ್ವಾಸಕೋಶ, ಲಿವರ್, ಮೆದುಳು ಈ ನಾಲ್ಕು ಕಡೆ ನೆಲೆ ನಿಲ್ಲುತ್ತವೆ. ಮೂಳೆಗೆ ಹೋದರೂ ಅದು ಮೂಳೆ ಕ್ಯಾನ್ಸರ್ ಅಲ್ಲ, ಮೂಳೆಗೆ ಹೋದ ಸ್ತನ ಕ್ಯಾನ್ಸರ್. ಮದ್ದೂ ಅದಕ್ಕೆ ತಕ್ಕದ್ದೇ. ಯಾಕೆ ಆ ನಾಲ್ಕೇ ಕಡೆ ಜಾಸ್ತಿ? ಲಂಡನ್ನಿನ ಸ್ಟೀಫನ್ ಪ್ಯಾಜೆಟ್ ಎಂಬ ಸರ್ಜನ್ 1889ರಲ್ಲಿ ಈ ರೋಗದಿಂದ ತೀರಿಕೊಂಡ 735 ಮಂದಿ ಹೆಂಗಸರ ದಾಖಲೆ ನೋಡಿ ಹೇಳಿದ ಮಾತು ಇಂದಿಗೂ ನಿಂತಿದೆ: ಬೀಜ ಎಲ್ಲ ಕಡೆ ಬೀಳುತ್ತದೆ, ಒಗ್ಗುವ ಮಣ್ಣಿನಲ್ಲಿ ಮಾತ್ರ ಮೊಳೆಯುತ್ತದೆ. ತೋಟ ಮಾಡುವ ನಮಗೆ ಇದನ್ನು ಬೇರೆ ವಿವರಿಸಬೇಕಾಗಿಲ್ಲ.

ಬದುಕುಳಿಯುವ ಲೆಕ್ಕ ನಿಂತಿರುವುದು ಹೆಚ್ಚಾಗಿ ರೋಗ ಎಲ್ಲಿಯವರೆಗೆ ಹರಡಿದೆ ಎಂಬುದರ ಮೇಲೆಯೇ. ಅಮೆರಿಕದ ದಾಖಲೆ ನೋಡಿ. ರೋಗ ಸ್ತನದೊಳಗೇ ಇರುವಾಗ ಸಿಕ್ಕಿದರೆ ಐದು ವರ್ಷ ದಾಟುವವರು ಶೇಕಡಾ 99ರಷ್ಟು. ಕಂಕುಳಿಗೆ ಹೋಗಿದ್ದರೆ ಸುಮಾರು 87. ದೂರದ ಅಂಗಕ್ಕೆ ಹೋಗಿದ್ದರೆ ಸುಮಾರು 32. ನಮ್ಮ ದೇಶದಲ್ಲಿ ಎಲ್ಲ ಹಂತ ಸೇರಿಸಿ 2010ರಿಂದ 14ರ ನಡುವೆ ಪತ್ತೆಯಾದವರಲ್ಲಿ ಐದು ವರ್ಷ ದಾಟಿದವರು ಶೇಕಡಾ 66, ಅದೇ ಲೆಕ್ಕದಲ್ಲಿ ಅಮೆರಿಕ 90. 2022ರಲ್ಲಿ ಭಾರತದಲ್ಲಿ ಸುಮಾರು 1,92,000 ಹೊಸ ರೋಗಿಗಳು, ಸುಮಾರು 98,000 ಸಾವು. ಇಷ್ಟೊಂದು ವ್ಯತ್ಯಾಸ ಯಾಕೆಂದರೆ ನಮ್ಮಲ್ಲಿ ರೋಗ ಸಿಗುವುದು ತಡ, ಸಿಕ್ಕಿದ ಮೇಲೆ ಚಿಕಿತ್ಸೆ ಶುರುವಾಗುವುದು ತಡ, ಶುರುವಾದದ್ದು ಪೂರ್ತಿಯಾಗುವುದೂ ಇಲ್ಲ. ನಮ್ಮ ಹೆಂಗಸರ ದೇಹ ಬೇರೆ ಥರದ್ದೇನಲ್ಲ.

ಹಾಗಾಗಿಯೇ ಎರಡನೇ ಭಾಗಕ್ಕೆ ಎರಡೇ ಸ್ಟಾರ್ ಕೊಟ್ಟೆ.

ಡಾಕ್ಟರು ಗಂಟು ಇದೆ ಎಂದು ಹೇಳಿ, ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಒಂದು ಚೀಟಿ. ಮಲಯಾಳದಲ್ಲಿ. ಕನ್ನಡ ಶಾಲೆಯಲ್ಲಿ ಓದಿದ ಅತ್ತಿಗೆಗೆ ಅದರಲ್ಲಿ ಒಂದು ಅಕ್ಷರ ಗೊತ್ತಾಗಲಿಲ್ಲ. ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಅವರಂಥವರು ಸಾವಿರಾರು ಮಂದಿ ಇದ್ದಾರೆ. ಯಾವ ದಿನ ಹೋಗಬೇಕು, ಯಾವ ಓಪಿ, ಮ್ಯಾಮೋಗ್ರಾಂ (ಸ್ತನದ ಎಕ್ಸ್‌ರೇ) ಅಲ್ಲೇ ಆಗುತ್ತದೆಯಾ, ಫೋನ್ ಯಾರಿಗೆ ಮಾಡಬೇಕು, ಯಾವುದೂ ಅದರಲ್ಲಿ ಇರಲಿಲ್ಲ. ಹೋದೆವು. ಸರ್ಜರಿ ಓಪಿಯ ದಿನ ಅಲ್ಲ ಅಂದರು. ಮತ್ತೆ ಹೋದೆವು. ಮ್ಯಾಮೋಗ್ರಾಂಗೆ ಮುಂದಿನ ವಾರದ ತಾರೀಕು ಕೊಟ್ಟರು, ಅದು ಇನ್ನೂ ಮುಂದೆ ಹೋಯಿತು. ಈ ಹೊತ್ತಿಗೆ ಅತ್ತಿಗೆ “ಇಷ್ಟು ದಿನ ಏನೂ ಆಗಲಿಲ್ಲ ಅಲ್ವಾ, ಅಡಿಕೆ ಕೆಲಸ ಮುಗಿಯಲಿ, ಮಳೆ ಕಳೆಯಲಿ” ಎಂದು ಶುರು ಮಾಡಿದರು. ಎಷ್ಟೋ ಮನೆಗಳಲ್ಲಿ ಕಥೆ ನಿಲ್ಲುವುದೇ ಇಲ್ಲಿ. ತಪಾಸಣೆ ಮಾಡಿದವರ ಪುಸ್ತಕದಲ್ಲಿ ‘ರೆಫರ್ ಮಾಡಲಾಗಿದೆ’ ಎಂದು ಬರೆದಾಗಿರುತ್ತದೆ. ಹೋದರಾ, ಪರೀಕ್ಷೆ ಆಯಿತಾ, ರಿಪೋರ್ಟ್ ಏನು ಬಂತು ಎಂದು ಕೇಳುವವರು ಯಾರೂ ಇಲ್ಲ. ನಮಗೆ ಕೇಳಿದ್ದು ಆಶಾ ಅಕ್ಕ ಒಬ್ಬರೇ, ಅದೂ ಅವರ ಸ್ವಂತ ಕಾಳಜಿಯಿಂದ.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸ್ತನ ಕ್ಯಾನ್ಸರ್‌ಗೆ ಒಂದು ಗುರಿ ಹಾಕಿಕೊಂಡಿತು. 60ಕ್ಕಿಂತ ಹೆಚ್ಚು ಶೇಕಡಾ ರೋಗಿಗಳು ಮೊದಲ ಎರಡು ಹಂತದಲ್ಲೇ ಸಿಗಬೇಕು, ಮೊದಲ ಸಲ ತೋರಿಸಿದ 60 ದಿನದೊಳಗೆ ರೋಗ ಏನೆಂದು ಖಚಿತವಾಗಬೇಕು, 80ಕ್ಕಿಂತ ಹೆಚ್ಚು ಶೇಕಡಾ ಮಂದಿ ಚಿಕಿತ್ಸೆಯನ್ನು ಪೂರ್ತಿ ಮುಗಿಸಬೇಕು. ಯಾವ ಆಸ್ಪತ್ರೆಯನ್ನಾದರೂ, ಯಾವ ಸರ್ಕಾರವನ್ನಾದರೂ ಅಳೆಯಲು ಈ ಅಳತೆ ಸಾಕು. ತಡದ ಬೆಲೆ ಏನೆಂಬುದಕ್ಕೂ ಲೆಕ್ಕ ಇದೆ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟುಹಾಕಿ 2020ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಪ್ರಕಾರ ಸ್ತನ ಕ್ಯಾನ್ಸರ್‌ನ ಆಪರೇಷನ್ ನಾಲ್ಕು ವಾರ ತಡವಾದರೆ ಸಾವಿನ ಅಪಾಯ ಸುಮಾರು ಶೇಕಡಾ 8 ಏರುತ್ತದೆ. ಒಂದೆರಡು ದಿನಕ್ಕೆ ಏನೂ ಆಗುವುದಿಲ್ಲ, ಗಾಬರಿ ಬೇಡ. ಆದರೆ ಓಪಿ ದಿನ ತಪ್ಪಿತು, ಮಿಷನ್ ಕೆಟ್ಟಿತು, ಅಡಿಕೆ ಕೊಯ್ಲು ಬಂತು, ಮಗಳ ಮದುವೆ ಬಂತು ಎಂದು ತಿಂಗಳು ತಿಂಗಳೇ ಹೋಗುತ್ತದಲ್ಲ, ಅದು ಜೀವದ ಮೇಲೆ ಬರುವ ವಿಷಯ.

ಇಲ್ಲಿ ಬೇಕಾಗಿರುವುದು ಕಟ್ಟಡವೂ ಅಲ್ಲ, ಕೋಟಿಗಟ್ಟಲೆ ಹಣವೂ ಅಲ್ಲ. ಗಂಟು ಸಿಕ್ಕಿದ ಪ್ರತಿಯೊಬ್ಬರ ಹೆಸರು ಒಬ್ಬ ನರ್ಸ್‌ನ ಹತ್ತಿರ ಇರಬೇಕು, ಅವರಿಗೆ ಒಂದು ಫೋನ್ ಇರಬೇಕು, ರಿಪೋರ್ಟ್ ಕೈಗೆ ಬರುವವರೆಗೆ ಆ ಹೆಸರನ್ನು ಅವರು ಬಿಡಬಾರದು. ಚೀಟಿ ಕನ್ನಡದಲ್ಲೂ ಇರಬೇಕು. ಅದರ ಮೇಲೆ ಓಪಿ ದಿನ, ಕೋಣೆ, ಫೋನ್ ನಂಬರ್ ಇರಬೇಕು. ಪಂಚಾಯತಿನ ಮೆಂಬರುಗಳು ಇದನ್ನು ಓದುತ್ತಿದ್ದರೆ ದಯವಿಟ್ಟು ಮುಂದಿನ ಮೀಟಿಂಗ್‌ನಲ್ಲಿ ಎತ್ತಿ.

ಈಗ ಸೂಜಿಯ ವಿಷಯ. ಮ್ಯಾಮೋಗ್ರಾಂ ರಿಪೋರ್ಟ್‌ನಲ್ಲಿ ಕ್ಯಾನ್ಸರ್ ಅನುಮಾನ ಎಷ್ಟು ಎಂದು ಹೇಳುವ ಬೈರಾಡ್ಸ್ ಎಂಬ ಒಂದು ನಂಬರ್ ಇರುತ್ತದೆ. 4 ಅಥವಾ 5 ಇದ್ದರೆ ಬಯಾಪ್ಸಿ ಬೇಕು, ಅಂದರೆ ಸೂಜಿಯಿಂದ ಗಡ್ಡೆಯ ಚೂರು ತೆಗೆದು ಪರೀಕ್ಷಿಸುವುದು. ಅತ್ತಿಗೆಯದು 5. ಮನೆಗೆ ಬಂದ ನೆಂಟರಲ್ಲಿ ಹೆಚ್ಚಿನವರು ಹೇಳಿದ್ದು ಒಂದೇ ಮಾತು: ಸೂಜಿ ಚುಚ್ಚಿದರೆ ಹರಡುತ್ತದೆ, ಮುಟ್ಟಿಸಬೇಡಿ. ಈ ಒಂದು ಮಾತು ನಮ್ಮ ಸೀಮೆಯಲ್ಲಿ ಎಷ್ಟು ಜೀವ ತೆಗೆದಿದೆಯೋ. ಬಯಾಪ್ಸಿ ಮಾಡಿಸಿದ್ದರಿಂದ ರೋಗ ಹರಡಿ ಆಯುಷ್ಯ ಕಡಿಮೆಯಾಗುತ್ತದೆ ಎಂಬುದಕ್ಕೆ ಆಧಾರ ಇಲ್ಲ. ಬಯಾಪ್ಸಿ ಇಲ್ಲದೆ ಚಿಕಿತ್ಸೆಯನ್ನೇ ಶುರು ಮಾಡಲು ಆಗುವುದಿಲ್ಲ, ಯಾಕೆಂದರೆ ಗಡ್ಡೆ ಯಾವ ಜಾತಿಯದು ಎಂದು ಹೇಳುವುದು ಅದೇ. ಹಾರ್ಮೋನಿಗೆ ಬಗ್ಗುವಂಥದ್ದಾ, ಹರ್2 ಎಂಬ ಪ್ರೋಟೀನ್ ಜಾಸ್ತಿ ಇರುವ ಹರ್2 ಪಾಸಿಟಿವಾ, ಎರಡು ಹಾರ್ಮೋನಿನ ಗುರುತು ಮತ್ತು ಹರ್2 ಹೀಗೆ ಮೂರೂ ಇಲ್ಲದ ಟ್ರಿಪಲ್ ನೆಗೆಟಿವಾ? ಮೂರಕ್ಕೂ ಬೇರೆ ಬೇರೆ ಮದ್ದು, ಬೇರೆ ಬೇರೆ ನಡವಳಿಕೆ. ಟ್ರಿಪಲ್ ನೆಗೆಟಿವ್ ಮರಳುವುದಾದರೆ ಹೆಚ್ಚಾಗಿ ಮೊದಲ ಮೂರರಿಂದ ಐದು ವರ್ಷಗಳಲ್ಲಿ. ಹಾರ್ಮೋನ್ ಪಾಸಿಟಿವ್ ಇಪ್ಪತ್ತು ವರ್ಷದ ಮೇಲೂ ಬರಬಹುದು.

ಇನ್ನೊಂದು ಎಚ್ಚರಿಕೆ, ಇದು ದುಡ್ಡು ಕೊಟ್ಟು ಮಾಡಿಸುವ ಸೇವೆಯ ಬಗ್ಗೆ. ಕ್ಯಾನ್ಸರ್ ಪ್ಯಾಕೇಜ್ ಎಂದು ಕೆಲವು ಖಾಸಗಿ ಲ್ಯಾಬ್‌ಗಳು ಮಾರುತ್ತವೆ. ನಮಗೂ ಒಬ್ಬರು ಮಾರಲು ನೋಡಿದರು. ರಕ್ತ ಕೊಟ್ಟರೆ ಸಾಕು, ಸಿಎ 15-3 ನೋಡಿ ಸ್ತನ ಕ್ಯಾನ್ಸರ್ ಇದೆಯಾ ಇಲ್ಲವಾ ಹೇಳುತ್ತೇವೆ ಅನ್ನುವುದು ಅವರ ವ್ಯಾಪಾರ. ಆ ಪರೀಕ್ಷೆ ಅದಕ್ಕೆ ಇರುವುದಲ್ಲ. ಹರಡಿದ ರೋಗದವರಲ್ಲಿ ಚಿಕಿತ್ಸೆ ನಾಟುತ್ತಿದೆಯಾ ಎಂದು ನೋಡಲು ಡಾಕ್ಟರು ಬಳಸಬಹುದು. ಆರಂಭದ ಹಂತದಲ್ಲಿ ಎಷ್ಟೋ ಸಲ ಅದು ನಾರ್ಮಲ್ಲೇ ಬರುತ್ತದೆ. ನಾರ್ಮಲ್ ಬಂತು ಎಂದು ಗಂಟನ್ನು ಬಿಟ್ಟವರ ಕಥೆ ಏನಾಗುತ್ತದೆ ಯೋಚಿಸಿ. ಅದಕ್ಕೆ ಅರ್ಧ ಸ್ಟಾರೂ ಇಲ್ಲ.

ನಮ್ಮಲ್ಲಿ ಕ್ಯಾನ್ಸರ್ ಎಂದ ಕೂಡಲೇ ಗೇರು ತೋಟಗಳಿಗೆ ಸಿಂಪಡಿಸುತ್ತಿದ್ದ ಕೀಟನಾಶಕ ಎಂಡೋಸಲ್ಫಾನ್ ಮಾತು ಬರುತ್ತದೆ. ಎಣ್ಮಕಜೆ, ಪಡ್ರೆಯ ಜನ ಪಟ್ಟ ಪಾಡು ನೋಡಿದವರಿಗೆ ಆ ಅನುಮಾನ ಸಹಜ, ಅದನ್ನು ಯಾರೂ ಹಗುರ ಮಾಡಬಾರದು. ಆದರೆ ಒಬ್ಬ ಹೆಂಗಸಿನ ಎದೆಯಲ್ಲಿ ಗಂಟು ಸಿಕ್ಕ ದಿನ, ಕಾರಣ ಯಾವುದು ಎಂಬ ಚರ್ಚೆಯಲ್ಲಿ ವಾರ ಕಳೆಯುವುದು ಬೇಡ. ಸ್ತನ ಕ್ಯಾನ್ಸರ್‌ಗೆ ಹೆಣ್ಣಾಗಿರುವುದು, ವಯಸ್ಸಾಗುವುದು ಇವೇ ದೊಡ್ಡ ಕಾರಣಗಳು. ವಂಶದಿಂದ ಬರುವುದು ನೂರರಲ್ಲಿ ಐದರಿಂದ ಹತ್ತು ಮಂದಿಗೆ. ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ ಎಂದು ತಪಾಸಣೆ ಬಿಡುವುದು ತಪ್ಪು ಲೆಕ್ಕ. ಗಂಡಸರಿಗೂ ಬರುತ್ತದೆ, ಅಪರೂಪಕ್ಕೆ.

ಮುಂದೆ ಎಲ್ಲಿಗೆ ಹೋಗುವುದು ಎಂಬುದು ಇಲ್ಲಿ ಎಲ್ಲರ ಪ್ರಶ್ನೆ. ನಮ್ಮ ಜಿಲ್ಲೆಯ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಶಂಕುಸ್ಥಾಪನೆ ಆಯಿತು. ಆದರೆ ಕ್ಯಾನ್ಸರ್ ಎಂದರೆ ಈಗಲೂ ನಾವು ಉತ್ತರಕ್ಕೆ ಮಂಗಳೂರು, ದಕ್ಷಿಣಕ್ಕೆ ತಲಶ್ಶೇರಿ ನೋಡುವವರು. ಮಂಗಳೂರು ಕಾಸರಗೋಡಿನಿಂದ ಸುಮಾರು 50 ಕಿಲೋಮೀಟರ್. ಹತ್ತಿರ, ಕನ್ನಡದಲ್ಲೇ ಮಾತಾಡಬಹುದು, ಖಾಸಗಿ ಆಸ್ಪತ್ರೆಗಳು ಬೇಕಾದಷ್ಟಿವೆ. ಖರ್ಚು ಜಾಸ್ತಿ. ಇನ್ನೊಂದು ವಿಷಯ, ಅದು ಬೇರೆ ರಾಜ್ಯ. 2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿಗೆ ಹೋಗಲಾಗದೆ ರೋಗಿಗಳು ತೀರಿಕೊಂಡದ್ದನ್ನು ಈ ಜಿಲ್ಲೆ ಮರೆಯುವುದಿಲ್ಲ. ಕೋರ್ಟಿನವರೆಗೆ ಹೋದ ಮೇಲೆಯೇ ದಾರಿ ಬಿಟ್ಟದ್ದು. ತಲಶ್ಶೇರಿಯ ಕೋಡಿಯೇರಿಯಲ್ಲಿರುವ ಮಲಬಾರ್ ಕ್ಯಾನ್ಸರ್ ಸೆಂಟರ್ ಕೇರಳ ಸರ್ಕಾರದ್ದು, ಕ್ಯಾನ್ಸರ್‌ಗೇ ಮೀಸಲು. ಕಣ್ಣೂರು ದಾಟಿ ಹೋಗಬೇಕು. ರೈಲಿನಲ್ಲಿ ನೇರ ಹೋಗಬಹುದು. ತಿರುವನಂತಪುರದ ಆರ್‌ಸಿಸಿಗೆ (ರೀಜನಲ್ ಕ್ಯಾನ್ಸರ್ ಸೆಂಟರ್) ಹೋಗಬೇಕೆಂದರೆ ರಾಜ್ಯದ ಆ ತುದಿ, 500 ಕಿಲೋಮೀಟರ್‌ಗೂ ಹೆಚ್ಚು. ಯಾವುದನ್ನು ಆರಿಸಿದರೂ ಒಂದೇ ಕಡೆ ಶುರು ಮಾಡಿ ಅಲ್ಲೇ ಮುಗಿಸಿ. ಇಲ್ಲಿ ಎರಡು ಕೀಮೋ, ಅಲ್ಲಿ ಆಪರೇಷನ್ ಎಂದು ಓಡಾಡಿದರೆ ನಡುವೆ ದಿನ ಹೋಗುತ್ತದೆ.

ದುಡ್ಡಿನ ವಿಷಯದಲ್ಲಿ, ಕೇರಳ ಸರ್ಕಾರದ ಚಿಕಿತ್ಸಾ ನೆರವಿನ ಯೋಜನೆಯಾದ ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿಯ ಕಾರ್ಡ್ ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಕಾರ್ಡ್ ಎಲ್ಲಿದೆ, ಅದರಲ್ಲಿರುವ ಹೆಸರು ಆಧಾರ್ ಜೊತೆ ಹೊಂದುತ್ತದೆಯಾ ಎಂದು ರೋಗ ಬಾರದಿರುವಾಗಲೇ ನೋಡಿಡಿ. ಅಡ್ಮಿಟ್ ಆಗುವ ಮೊದಲೇ ಆ ಆಸ್ಪತ್ರೆಯ ಕೌಂಟರಿನಲ್ಲಿ ಈ ಕಾರ್ಡ್ ನಡೆಯುತ್ತದೆಯಾ, ಯಾವುದಕ್ಕೆಲ್ಲ ನಡೆಯುತ್ತದೆ ಎಂದು ಬಾಯಿಬಿಟ್ಟು ಕೇಳಿ.

ಚಿಕಿತ್ಸೆಯ ಬಗ್ಗೆ ಸ್ವಲ್ಪ. “ಪೂರ್ತಿ ತೆಗೆಸಿಬಿಡಿ, ಬೇರು ಸಮೇತ ಹೋಗಲಿ” ಎಂದು ಮನೆಯ ಹಿರಿಯರು ಹೇಳುತ್ತಾರೆ. ಒಂದು ಕಾಲದಲ್ಲಿ ಸರ್ಜನ್‌ಗಳೂ ಹಾಗೇ ನಂಬಿದ್ದರು. ಸ್ತನದ ಜೊತೆ ಎದೆಯ ಮಾಂಸಖಂಡವನ್ನೂ ತೆಗೆಯುತ್ತಿದ್ದರು. ಅಮೆರಿಕದ ಬರ್ನಾರ್ಡ್ ಫಿಶರ್ ತಂಡ 1985ರಲ್ಲಿ ತೋರಿಸಿದ್ದು ಬೇರೆ: ಗಡ್ಡೆ ಚಿಕ್ಕದಿದ್ದರೆ ಅಷ್ಟು ಭಾಗ ಮಾತ್ರ ತೆಗೆದು ರೇಡಿಯೇಷನ್ ಕೊಟ್ಟರೂ ಬದುಕುವ ಲೆಕ್ಕದಲ್ಲಿ ವ್ಯತ್ಯಾಸ ಇಲ್ಲ. ಸ್ತನ ಉಳಿಸುವ ಆಪರೇಷನ್ ನನಗೆ ಆಗುತ್ತದೆಯಾ ಎಂದು ಕೇಳುವ ಹಕ್ಕು ಐವತ್ತು ದಾಟಿದವರಿಗೂ ಇದೆ, ಎಪ್ಪತ್ತು ದಾಟಿದವರಿಗೂ ಇದೆ. ಈ ವಯಸ್ಸಿನಲ್ಲಿ ಯಾಕೆ ಎಂದು ಅವರ ಪರವಾಗಿ ನಾವು ತೀರ್ಮಾನ ಮಾಡುವುದು ಬೇಡ.

ಹರಡುವುದನ್ನು ತಡೆಯುವ ಬಗ್ಗೆ ನಮ್ಮ ದೇಶದವರೇ ಮಾಡಿದ ಒಂದು ಕೆಲಸ ಎಲ್ಲರಿಗೂ ಗೊತ್ತಿರಬೇಕು. ಟಾಟಾ ಮೆಮೋರಿಯಲ್‌ನ ಡಾಕ್ಟರ್ ರಾಜೇಂದ್ರ ಬಡ್ವೆ ಮತ್ತು ಜೊತೆಯವರು ಆಪರೇಷನ್‌ಗೆ ಸ್ವಲ್ಪ ಮೊದಲು ಗಡ್ಡೆಯ ಸುತ್ತ ಲಿಡೋಕೇಯ್ನ್ ಚುಚ್ಚಿ ನೋಡಿದರು. ಹಲ್ಲು ಕೀಳುವಾಗ ಜೋಮು ಹಿಡಿಸಲು ಕೊಡುವ ಅದೇ ಮದ್ದು. ದೇಶದ 11 ಆಸ್ಪತ್ರೆಗಳು, 1,600 ರೋಗಿಗಳು. 2023ರಲ್ಲಿ ಫಲಿತಾಂಶ ಬಂತು. ಐದು ವರ್ಷದಲ್ಲಿ ಬದುಕಿದ್ದವರು ಚುಚ್ಚದ ಗುಂಪಿನಲ್ಲಿ ಶೇಕಡಾ 86.4, ಚುಚ್ಚಿದ ಗುಂಪಿನಲ್ಲಿ 90.1. ಮದ್ದಿನ ಖರ್ಚು ನೂರು ರೂಪಾಯಿಗೂ ಕಡಿಮೆ. ನಮ್ಮ ಸರ್ಜನ್ ಹತ್ತಿರ ಇದನ್ನು ಕೇಳಿದಾಗ ಅವರು ಬೇಜಾರು ಮಾಡಿಕೊಳ್ಳಲಿಲ್ಲ, ಕೂತು ವಿವರಿಸಿದರು. ಹಾಗೆ ಕೇಳಿಸಿಕೊಳ್ಳುವ ಡಾಕ್ಟರಿಗೆ ನಾನು ಐದಕ್ಕೆ ಐದು ಕೊಡುತ್ತೇನೆ.

ಹರ್2 ಪಾಸಿಟಿವ್ ಇರುವವರಿಗೆ ಟ್ರಾಸ್ಟುಜುಮ್ಯಾಬ್ ಎಂಬ ಇಂಜೆಕ್ಷನ್ ಇದೆ, ಸಾಮಾನ್ಯವಾಗಿ ಒಂದು ವರ್ಷ. ನೂರರಲ್ಲಿ 15ರಿಂದ 20 ಮಂದಿ ಈ ಗುಂಪಿನವರು. ಮೊದಲು ಇದು ಶ್ರೀಮಂತರ ಮದ್ದಾಗಿತ್ತು. ಬೆಂಗಳೂರಿನ ಬಯೋಕಾನ್ 2014ರಲ್ಲಿ ಇದಕ್ಕೆ ಸಮನಾದದ್ದನ್ನು ಮಾರುಕಟ್ಟೆಗೆ ತಂದಿತು, ಆಮೇಲೆ ಬೇರೆ ಕಂಪನಿಗಳೂ ಬಂದವು. ಹರ್2 ರಿಪೋರ್ಟ್‌ನಲ್ಲಿ ‘2+’ ಎಂದು ಇದ್ದರೆ ಅಲ್ಲಿಗೆ ನಿಲ್ಲಿಸಬೇಡಿ. ಫಿಶ್ ಎಂಬ ಇನ್ನೊಂದು ಪರೀಕ್ಷೆ ಮಾಡಿಸಿದರೆ ಮಾತ್ರ ಹೌದೋ ಅಲ್ಲವೋ ಗೊತ್ತಾಗುತ್ತದೆ.

ಅತ್ತಿಗೆಯದು ಹಾರ್ಮೋನ್ ಪಾಸಿಟಿವ್. ಕೀಮೋ, ಆಪರೇಷನ್, ಕರೆಂಟ್ ಕೊಡುವುದು (ರೇಡಿಯೇಷನ್) ಎಲ್ಲ ಮುಗಿದು ಈಗ ಗುಳಿಗೆಯಲ್ಲಿದ್ದಾರೆ. ಕೀಮೋದ ಕೆಂಪು ಮದ್ದು ಹೋಗುತ್ತಿದ್ದ ದಿನಗಳಲ್ಲಿ ಅವರು ಪಟ್ಟ ಕಷ್ಟ ಬರೆಯಲು ಅವರಿಗೂ ಇಷ್ಟವಿಲ್ಲ, ನನಗೂ ಇಲ್ಲ. ಕೂದಲು ಮತ್ತೆ ಬಂದಿದೆ. ರೇಡಿಯೇಷನ್ ಈಗ ಮೊದಲಿನಷ್ಟು ಉದ್ದ ಇಲ್ಲ, ಹೆಚ್ಚಿನವರಿಗೆ ಮೂರು ವಾರದ ಸುತ್ತಮುತ್ತ ಮುಗಿಯುತ್ತದೆ, ಕೆಲವರಿಗೆ ಒಂದೇ ವಾರ. ದೂರದಿಂದ ಹೋಗಿ ರೂಮ್ ಮಾಡಿ ಇರುವವರು ಇದನ್ನು ತಪ್ಪದೆ ಕೇಳಬೇಕು.

ಈ ಗುಳಿಗೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಟಾಮಾಕ್ಸಿಫೆನ್ ಅಥವಾ ಆ ಗುಂಪಿನ ಬೇರೆ ಗುಳಿಗೆ ಐದು ವರ್ಷ ತಿನ್ನಬೇಕು, ಕೆಲವರಿಗೆ ಹತ್ತು. ಐದು ವರ್ಷ ಟಾಮಾಕ್ಸಿಫೆನ್ ತಿಂದವರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು ಮೂರರಲ್ಲಿ ಒಂದು ಪಾಲು ಇಳಿಯುತ್ತದೆ, ಹಾರ್ಮೋನ್ ಪಾಸಿಟಿವ್ ಇದ್ದವರಲ್ಲಿ. ಇಷ್ಟು ಕಡಿಮೆ ಬೆಲೆಗೆ ಇಷ್ಟು ಆಯುಷ್ಯ ಕೊಡುವ ಮದ್ದು ಬೇರೆ ಕಾಣೆ. ಆದರೆ ಗುಣವಾಯಿತಲ್ಲ, ಮೈ ಬಿಸಿಯಾಗುತ್ತದೆ, ನಿದ್ದೆ ಬರುವುದಿಲ್ಲ, ಕೈಕಾಲಿನ ಕೀಲು ನೋಯುತ್ತದೆ ಎಂದು ಎರಡನೇ ವರ್ಷಕ್ಕೇ ಬಿಡುವವರು ಎಷ್ಟೋ ಮಂದಿ. ಡಾಕ್ಟರಿಗೆ ಹೇಳಿದರೆ ಗುಳಿಗೆ ಬದಲಿಸಬಹುದು. ಹೇಳದೆ ಬಿಟ್ಟರೆ ಯಾರಿಗೂ ಗೊತ್ತಾಗುವುದೇ ಇಲ್ಲ. ನಮ್ಮ ಆರೋಗ್ಯ ಕೇಂದ್ರದಲ್ಲಿ ಶುಗರ್, ಬಿಪಿ ಗುಳಿಗೆಗೆ ತಿಂಗಳಿಗೊಮ್ಮೆ ದಿನ ಇದೆ. ಅದೇ ದಿನ ಈ ಗುಳಿಗೆ ತಿನ್ನುವವರನ್ನೂ ಕರೆದು, ತಿನ್ನುತ್ತಿದ್ದೀರಾ, ಏನು ತೊಂದರೆ ಎಂದು ಕೇಳಿದರೆ ಸಾಕು. ಎರಡು ಸ್ಟಾರ್ ಮೂರಾಗುತ್ತದೆ.

ನಾಲ್ಕನೇ ಹಂತದಲ್ಲಿ, ಅಂದರೆ ರೋಗ ದೂರದ ಅಂಗಕ್ಕೆ ಹೋದ ಮೇಲೆ, ಸಿಕ್ಕವರ ಬಗ್ಗೆ ಬರೆಯದೆ ಹೋದರೆ ಅನ್ಯಾಯ. ಅವರಿಗೆ ಇನ್ನೇನೂ ಇಲ್ಲ ಎಂದು ಮನೆಗೆ ಕಳಿಸುವ ಕಾಲ ಹೋಯಿತು. ಮೂಳೆಗೆ ಮಾತ್ರ ಹೋದ ಹಾರ್ಮೋನ್ ಪಾಸಿಟಿವ್ ರೋಗದಲ್ಲಿ ವರ್ಷಗಟ್ಟಲೆ ಮನೆಗೆಲಸ ಮಾಡಿಕೊಂಡು ಇರುವವರಿದ್ದಾರೆ. ಇಲ್ಲಿ ಕೇರಳದ ಒಂದು ಸೇವೆಗೆ ನನ್ನ ಪೂರ್ತಿ ಐದು ಸ್ಟಾರ್. ಪಾಲಿಯೇಟಿವ್, ಅಂದರೆ ನೋವು ಮತ್ತು ತೊಂದರೆ ಕಡಿಮೆ ಮಾಡುವ ಆರೈಕೆಯ ನರ್ಸ್ ಮನೆಗೇ ಬರುತ್ತಾರೆ, ಪಂಚಾಯತಿನ ಮೂಲಕ. 2008ರಲ್ಲೇ ಇದಕ್ಕೆ ಸರ್ಕಾರದ ನೀತಿ ಬಂದಿದೆ. ನಮ್ಮ ಪಕ್ಕದ ಮನೆಯ ಅಜ್ಜಿಗೆ ಗಾಯ ತೊಳೆಯುವುದು, ನೋವಿನ ಮದ್ದು, ಮನೆಯವರಿಗೆ ಹೇಗೆ ಎತ್ತಿ ಕೂರಿಸಬೇಕೆಂದು ಕಲಿಸುವುದು ಎಲ್ಲವನ್ನೂ ಅವರೇ ಮಾಡಿದರು. ತುಳುವಿನಲ್ಲಿ ಮಾತಾಡಿಕೊಂಡು, ಅವಸರ ಇಲ್ಲದೆ. ಪಾಲಿಯೇಟಿವ್ ಎಂದರೆ ಸಾಯುವವರಿಗೆ ಮಾತ್ರ ಅಲ್ಲ. ಚಿಕಿತ್ಸೆ ನಡೆಯುತ್ತಿರುವಾಗಲೂ ನೋವಿಗೆ, ವಾಂತಿಗೆ, ಕೈ ಬಾವಿಗೆ ಅವರನ್ನು ಕೇಳಬಹುದು. ಕಂಕುಳಿನ ಗ್ರಂಥಿ ತೆಗೆದವರಿಗೆ ಆ ಕೈ ಬಾತುಕೊಳ್ಳಬಹುದು, ಅದಕ್ಕೆ ವ್ಯಾಯಾಮ ಇದೆ, ತೋಳಿಗೆ ಹಾಕುವ ಬಿಗಿ ಚೀಲ ಇದೆ.

ಹೋಗುವವರಿಗೆ ಕೆಲವು ಉಪಯೋಗದ ಮಾತು. ಮುಟ್ಟಾಗುವವರು ಅದು ಮುಗಿದ ಮೇಲಿನ ವಾರದಲ್ಲಿ ಮ್ಯಾಮೋಗ್ರಾಂಗೆ ಹೋದರೆ ನೋವು ಕಡಿಮೆ. ಆ ದಿನ ಪೌಡರ್, ಸೆಂಟ್ ಹಾಕಬೇಡಿ, ಚಿತ್ರದಲ್ಲಿ ಕಲೆಯಾಗಿ ಕಾಣುತ್ತದೆ. ನಲವತ್ತಕ್ಕಿಂತ ಚಿಕ್ಕವರಿಗೆ ಹೆಚ್ಚಾಗಿ ಮೊದಲು ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಬರೆಯುತ್ತಾರೆ. ಗಂಟು ಸಿಕ್ಕಿದವರಲ್ಲಿ ಹೆಚ್ಚಿನವರಿಗೆ ಅದು ಕ್ಯಾನ್ಸರ್ ಅಲ್ಲ, ಹೆದರಿ ಮನೆಯಲ್ಲೇ ಕೂರಬೇಡಿ. ಬಯಾಪ್ಸಿಯಲ್ಲಿ ತೆಗೆದ ಚೂರನ್ನು ಇಟ್ಟ ಬ್ಲಾಕ್ ಮತ್ತು ಗಾಜಿನ ಸ್ಲೈಡ್ ನಿಮ್ಮ ಹಕ್ಕು, ಆಸ್ಪತ್ರೆ ಬದಲಿಸುವುದಾದರೆ ಕೇಳಿ ತೆಗೆದುಕೊಳ್ಳಿ, ಮತ್ತೆ ಚುಚ್ಚಿಸಿಕೊಳ್ಳುವುದು ತಪ್ಪುತ್ತದೆ. ರೈಲಿನಲ್ಲಿ ಹೋಗುವವರಿಗೆ ಕ್ಯಾನ್ಸರ್ ರಿಯಾಯಿತಿ ಇದೆ. ಆಸ್ಪತ್ರೆಯಿಂದ ಅದರ ಫಾರಂಗೆ ಸಹಿ ಹಾಕಿಸಿ ಸ್ಟೇಷನ್ ಕೌಂಟರಿಗೆ ಕೊಟ್ಟರೆ ಸ್ಲೀಪರ್‌ನಲ್ಲಿ ರೋಗಿಗೆ ಟಿಕೆಟ್ ದರ ಪೂರ್ತಿ ಮಾಫಿ, ಜೊತೆಗೆ ಹೋಗುವ ಒಬ್ಬರಿಗೆ ಮುಕ್ಕಾಲು ಮಾಫಿ. ನಮಗೆ ಇದನ್ನು ಆಸ್ಪತ್ರೆಯಲ್ಲಿ ಯಾರೂ ಹೇಳಲಿಲ್ಲ. ತಲಶ್ಶೇರಿ ಕಡೆಗೆ ಹೋಗುವ ರೈಲಿನಲ್ಲಿ ಎದುರಿಗೆ ಕೂತಿದ್ದ, ತಲೆಗೆ ಶಾಲು ಕಟ್ಟಿಕೊಂಡಿದ್ದ ಉಪ್ಪಳದ ಒಬ್ಬ ಹೆಂಗಸು ತಮ್ಮ ಫಾರಂ ತೋರಿಸಿ ಹೇಳಿಕೊಟ್ಟರು.